ರಾಜನ ಮಾತಿಗೆ ಸಾರಥಿ ಬೇಕು

ಕಲಬುರಗಿ

ಪ್ರೀತಿಯ ತಮ್ಮಾ,

ನಿನ್ನ ಸ್ಕ್ರಿಪ್ಟ್ ಓದಿದೆ. ಬೀದರ್ ಕೋಟೆಯಲ್ಲೊಬ್ಬ ರಾಕ್ಷಸ, ಅವನ ಸೆರೆಯಲ್ಲಿ ರಾಜಕುಮಾರಿ, ಬಿಡಿಸಲು ಬರುವ ದಡ್ಡ ರಾಜಕುಮಾರ. ಕಥೆಗೆ ಏನೂ ಆಗಿಲ್ಲ. ನನ್ನ ತಕರಾರು ಮಾತಿನದು. ರಾಜ ಪಂಚ್ ಡೈಲಾಗ್ ಹೊಡೆಯುತ್ತಾನೆ, ಮಂತ್ರಿ ಹೊಡೆಯುತ್ತಾನೆ, ಬಾಗಿಲು ಕಾಯುವವನೂ ಬಿಡುವುದಿಲ್ಲ. ಎಲ್ಲರೂ ಇಷ್ಟು ಜಾಣರಾದರೆ ನಾವು ಯಾರನ್ನು ನೋಡಿ ನಗಬೇಕು?

ಕೆಲವು ಸಿನಿಮಾದ ಮಾತು ಜನರ ಬಾಯಲ್ಲಿ ಹೇಗೆ ಉಳಿಯುತ್ತದೆ ಅಂತ ನೀನು ಕೇಳಿದ್ದೆ. 'ದಿ ಪ್ರಿನ್ಸೆಸ್ ಬ್ರೈಡ್' ನೋಡು. 1987ರದು. ವಿಲಿಯಂ ಗೋಲ್ಡ್‌ಮನ್ 1973ರ ತನ್ನದೇ ಕಾದಂಬರಿಯಿಂದ ಚಿತ್ರಕಥೆ ಬರೆದ, ರಾಬ್ ರೈನರ್ ನಿರ್ದೇಶಿಸಿದ. ಥಿಯೇಟರಿನಲ್ಲಿ ಅಂಥ ಗದ್ದಲವೇನೂ ಆಗಲಿಲ್ಲ. ಆಮೇಲೆ ವಿಡಿಯೊ ಕ್ಯಾಸೆಟ್ಟಿನಲ್ಲಿ ಮನೆಮನೆ ಸೇರಿತು, ಜನ ಅದರ ಮಾತುಗಳನ್ನು ಬಾಯಿಪಾಠ ಮಾಡಿಕೊಂಡರು.

ಅದರಲ್ಲಿ ಇನಿಗೊ ಮೊಂಟೋಯಾ ಅಂತ ಒಬ್ಬ ಕತ್ತಿವರಸೆಗಾರ. ಅವನು ಚಿಕ್ಕವನಿದ್ದಾಗ ಬಲಗೈಯಲ್ಲಿ ಆರು ಬೆರಳಿನ ಒಬ್ಬ ಅವನ ಅಪ್ಪನನ್ನು ಕೊಂದಿದ್ದಾನೆ. ಆ ಮನುಷ್ಯ ಸಿಕ್ಕ ದಿನ ಹೇಳಬೇಕಾದ್ದನ್ನು ಇನಿಗೊ ಮೊದಲೇ ಕಟ್ಟಿಟ್ಟುಕೊಂಡಿದ್ದಾನೆ. ನಮಸ್ಕಾರ, ನನ್ನ ಹೆಸರು ಇನಿಗೊ ಮೊಂಟೋಯಾ, ನೀನು ನನ್ನ ಅಪ್ಪನನ್ನು ಕೊಂದೆ, ಸಾಯಲು ತಯಾರಾಗು. ಇಷ್ಟೇ. ಪ್ರಾಸ ಇಲ್ಲ, ಉಪಮೆ ಇಲ್ಲ. ಕೊಲ್ಲುವ ಮೊದಲು ನಮಸ್ಕಾರ ಹೇಳುತ್ತಾನಲ್ಲ, ನಗು ಬರೋದು ಅಲ್ಲೇ.

ಈ ಮಾತು ನಮ್ಮ ಕಿವಿಗೆ ಮೊದಲು ಬೀಳೋದು ಆ ವೈರಿಯ ಮುಂದೆ ಅಲ್ಲ. ಕಡಿದಾದ ಬಂಡೆ ಹತ್ತಿ ಬಂದ ಒಬ್ಬ ಮುಸುಕುಧಾರಿಯ ಮುಂದೆ. ಅವನ ಜೊತೆ ಕಾದಾಡಬೇಕು, ಆದರೆ ಅವನಿಗೆ ಸುಸ್ತಾಗಿದೆ, ದಣಿವಾರಿಸಿಕೊಳ್ಳಲಿ ಅಂತ ಇನಿಗೊ ಕಾಯುತ್ತಾನೆ. ನಿನ್ನ ಬಲಗೈಯಲ್ಲಿ ಆರು ಬೆರಳಿಲ್ಲ ತಾನೆ ಅಂತ ವಿಚಾರಿಸುತ್ತಾನೆ. ಇಬ್ಬರೂ ಕೂತು ಮನೆ ಸುದ್ದಿ ಆಡುತ್ತಾರೆ. ಅಲ್ಲಿ ಆ ಮಾತು ಬರೀ ರಿಹರ್ಸಲ್. ಕಡೆಗೆ ಆರು ಬೆರಳಿನವನು ಸಿಕ್ಕಾಗ ಇನಿಗೊ ಹೊಟ್ಟೆಗೆ ಚಾಕು ತಿಂದು ಗೋಡೆಗೆ ಒರಗಿದ್ದಾನೆ. ಅದೇ ಮಾತನ್ನು ಮೆಲ್ಲಗೆ ಶುರು ಮಾಡುತ್ತಾನೆ. ಮತ್ತೆ ಹೇಳುತ್ತಾನೆ, ಮತ್ತೆ. ಒಂದೊಂದು ಸಲಕ್ಕೂ ದನಿ ಏರುತ್ತದೆ, ಕಾಲಿಗೆ ಬಲ ಬರುತ್ತದೆ. ಅದನ್ನು ಹೇಳೋದು ನಿಲ್ಲಿಸು ಅಂತ ವೈರಿ ಕಿರುಚುತ್ತಾನೆ. ನಾವು ನಗುತ್ತಿರುತ್ತೇವೆ, ಗಂಟಲೂ ಕಟ್ಟಿರುತ್ತದೆ. ಏನು ಕೇಳಿದರೂ ಕೊಡುತ್ತೇನೆ ಅಂತ ಅವನು ಅಂಗಲಾಚಿದಾಗ ಇನಿಗೊ ಕೇಳೋದು ಅಪ್ಪನನ್ನು. ಕಟ್ಟಿಟ್ಟುಕೊಂಡ ಮಾತು ಮುಗಿದು, ಅಲ್ಲಿ ಬರೋದು ಬೈಗುಳ ಸೇರಿದ ಸ್ವಂತ ಮಾತು.

ಇದೇನು ನಮಗೆ ಗೊತ್ತಿಲ್ಲದ ವಿದ್ಯೆ ಅಲ್ಲ. ನಮ್ಮ ಬಯಲಾಟ ದೊಡ್ಡಾಟದಲ್ಲಿ ವೇಷ ರಂಗಕ್ಕೆ ಬಂದ ಕೂಡಲೇ, ಆಟ ನಡೆಸಿಕೊಡುವ ಸಾರಥಿ ನೀವು ಯಾರು, ಬಂದ ಕಾರಣ ಏನು ಅಂತ ಕೇಳುತ್ತಾನಲ್ವಾ? ರಾಜ ಮೀಸೆ ತಿರುವಿ ತನ್ನ ಪ್ರತಾಪವನ್ನು ಭಾರಿ ಮಾತಿನಲ್ಲಿ ಹೇಳಿಕೊಳ್ಳುತ್ತಾನೆ. ಸಾರಥಿ ಮನೆ ಮಾತಿನಲ್ಲಿ ಕೊಕ್ಕೆ ಹಾಕುತ್ತಾನೆ. ಆ ಕೊಕ್ಕೆಗೆ ನಾವು ನಗೋದು ರಾಜ ನಗದೇ ನಿಂತಿರುವುದಕ್ಕೆ. ಆ ಸಿನಿಮಾದಲ್ಲಿ ಈ ಕೆಲಸ ಹುಷಾರಿಲ್ಲದೆ ಮಲಗಿದ ಹುಡುಗನದು, ಅವನಿಗೆ ಕಥೆ ಓದುವ ಅಜ್ಜನದು. ನಾಯಕಿ ನೀರಿಗೆ ಬಿದ್ದು ಹಾವುಮೀನು ಮೈಮೇಲೆ ಬರುವ ಹೊತ್ತಿಗೆ ಅಜ್ಜ ಓದು ನಿಲ್ಲಿಸಿ, ಈಗ ಅದು ಅವಳನ್ನು ತಿನ್ನೋದಿಲ್ಲ ಅಂತ ಮೊಮ್ಮಗನಿಗೆ ಹೇಳಿಬಿಡುತ್ತಾನೆ!

ನಿನ್ನ ಕೋಟೆಯ ಸೀನಿಗೆ ಬರೋಣ. ರಾಜಕುಮಾರನ ಮಾತು ಭಾರಿಯಾಗಿಯೇ ಇರಲಿ. ಅವನು ಅದನ್ನು ಪೂರಾ ನಂಬಿರಲಿ. ರಾಕ್ಷಸ ಮಾತ್ರ ನಮ್ಮವನಾಗಲಿ.

"ಎಲೈ ದುರುಳನೇ, ನಿನ್ನ ಕಾಲ ಮುಗಿಯಿತು!"

"ಬರ್ರಿ, ಕುಂದರ್ರಿ. ಊಟ ಆಗ್ಯದೇನ್ರಿ?"

"ಇಲ್ಲ."

"ಹಸ್ದವ್ರ ಸಂಗಟ ನಾ ಜಗಳ ಆಡಂಗಿಲ್ಲ. ರೊಟ್ಟಿ ಅವ, ಪುಂಡಿಪಲ್ಯ ಅದ. ಮೊದ್ಲ ಉಣ್ರಿ."

ರಾಕ್ಷಸ ಜೋಕ್ ಮಾಡುತ್ತಿಲ್ಲ ನೋಡು. ಮನೆಗೆ ಬಂದವರನ್ನು ಉಪವಾಸ ಹೊಡೆದರೆ ಅವನಿಗೇ ನಾಚಿಕೆ. ಊಟದ ಈ ಪ್ರಶ್ನೆಯನ್ನು ನಡುವೆ ಒಮ್ಮೆ ಸುಮ್ನೆ ತೂರಿಸು, ರಾಜಕುಮಾರಿ ಸಿಟ್ಟಿನಲ್ಲಿ ಕೇಳಲಿ. ಕೊನೆಗೆ ರಾಕ್ಷಸ ಸೋತು ಬಿದ್ದಾಗ ರಾಜಕುಮಾರ ಕತ್ತಿ ಕೆಳಗಿಟ್ಟು, ಪುಸ್ತಕದ ಭಾಷೆ ಬಿಟ್ಟು, ಅದನ್ನೇ ಕೇಳಲಿ. ಮುಂದೆ ವಿವರಣೆ ಬೇಡ. ಮ್ಯೂಸಿಕ್ಕೂ ಬೇಡ ಅಂತೀನಿ, ಆದರೆ ಅದನ್ನು ನಿನ್ನ ಡೈರೆಕ್ಟರ್ ಕೇಳೋದಿಲ್ಲ ಬಿಡು.

ನಮ್ಮ ಕಡೆ ಮಾತಿನ ಬಗ್ಗೆಯೂ ಒಂದು ಹೇಳಬೇಕು. ಸಿನಿಮಾದವರು ಅದನ್ನು ಜಾಸ್ತಿ ಕೊಡೋದು ಕಾಮಿಡಿಯವನಿಗೆ, ಆಳಿಗೆ. "ಬರ್ಲತ್ತೀನಿ" ಅಂದರೆ ಸಾಕು, ಜನ ನಗಬೇಕು ಅನ್ನೋ ಲೆಕ್ಕ. ನೀನೂ ಕಾವಲುಗಾರನಿಗೆ ಅದನ್ನೇ ಮಾಡಿದ್ದೀಯ. ಇಲ್ಲಿ ಹುಟ್ಟಿದವನೇ ಹೀಗೆ ಬರೆದರೆ ಹೇಗೆ? ರಾಜಕುಮಾರಿಗೂ ಆ ಮಾತು ಕೊಡು. ಅವಳು ಅದರಲ್ಲೇ ಜಗಳ ಆಡಲಿ, ಅಳಲಿ, ಪಾರಾಗುವ ಉಪಾಯ ಹೂಡಲಿ. ಒಂದು ಸಂಜೆ ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ತರಕಾರಿ ಚೌಕಾಸಿ ಮಾಡುವ ಹೆಂಗಸರ ಪಕ್ಕ ನಿಂತು ಕೇಳು. ಕನ್ನಡದಲ್ಲಿ ಶುರುವಾಗಿ ಉರ್ದುವಿನಲ್ಲಿ ಮುಗಿಯುತ್ತದೆ, ಒಂದು ಪದವೂ ದಂಡ ಆಗೋದಿಲ್ಲ.

ಮಂತ್ರಿಯ ಆ ಉದ್ದ ಡೈಲಾಗಿಗೆ ನೀನು ಬಹಳ ಹೊತ್ತು ಕೂತಿದ್ದೀಯ ಅಂತ ಗೊತ್ತಾಗುತ್ತದೆ. ಅದನ್ನು ತೆಗೆದು ಸೀನ್ ನಡೆಯುತ್ತದಾ ನೋಡು. ನಡೆದರೆ ವಾಪಸ್ ಹಾಕಬೇಡ. ತಿದ್ದಿದ ಮೇಲೆ ಬೇರೆ ಯಾರಿಂದಾದರೂ ಜೋರಾಗಿ ಓದಿಸು. ನೀನೇ ಓದಿದರೆ ಎಲ್ಲಾ ಚೆನ್ನಾಗೇ ಕೇಳಿಸುತ್ತದೆ. ಆಮೇಲೆ ನನಗೆ ಕಳಿಸು.

ನಿನ್ನ,
ಅಣ್ಣ