ಕೈ ಜೇಬಿನಲ್ಲಿಟ್ಟುಕೊಂಡು ನಿಂತವರು

ಚಿ. ಪುಟ್ಟೂಗೆ,

ಟೆಕ್ಸಸ್‌ನಿಂದ ನಿನ್ನ ಚಿಕ್ಕಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಅಣ್ಣನ ಮಂಡಿ ನೋವು ಹೇಗಿದೆ? ಅತ್ತಿಗೆ ಕಳಿಸಿದ ಚಟ್ನಿಪುಡಿ ಮುಗಿದು ಎರಡು ವಾರವಾಯಿತು ಅಂತ ಸುಮ್ನೆ ಒಂದು ಮಾತು ಅವರ ಕಿವಿಗೆ ಹಾಕು.

ಹೋದ ವಾರ ನೀನು ಫೋನಿನಲ್ಲಿ ಹೇಳಿದ್ದು ತಲೆಯಲ್ಲೇ ಕೂತಿದೆ. ಹೈಸ್ಕೂಲ್ ಹೆಡ್‌ಮಾಸ್ಟರು ಶನಿವಾರ ಬಂದು ಮಕ್ಕಳಿಗೆ ದನ ಸಾಕೋದು, ತೋಟ ಮಾಡೋದು ಹೇಳಿಕೊಡು ಅಂದರು. ನೀನು 'ನೋಡೋಣ ಸಾರ್' ಅಂತ ಜಾರಿಕೊಂಡೆ. 'ಎಂಟು ಹಸು, ಎರಡು ಹೊತ್ತು ಡೇರಿಗೆ ಹಾಲು. ನನ್ನ ಮಗಳ ಮುಖ ನೋಡೋಕೇ ಟೈಮಿಲ್ಲ, ಊರ ಮಕ್ಕಳಿಗೆ ಎಲ್ಲಿಂದ ತರಲಿ ಚಿಕ್ಕಪ್ಪ?' ಅಂದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಅದಾದ ಮೂರನೇ ದಿನಕ್ಕೆ ನಮ್ಮ ಗೌಡ್ರು ತೀರಿಹೋದರು.

ಗೌಡ್ರು ಅಂದರೆ ನಮ್ಮ ಕಡೆಯವರಲ್ಲ. ನಮ್ಮ ಮನೆಯಿಂದ ನಾಲ್ಕು ಮೈಲಿ ಆಚೆ ಅವರ ರಾಂಚ್, ಅಂದರೆ ದನ ಸಾಕುವ ದೊಡ್ಡ ಜಮೀನು. ಆರಡಿ ಎತ್ತರ, ಹುಲ್ಲಿನ ಟೋಪಿ, ಮಾತು ಕಮ್ಮಿ. ನಿನ್ನ ಚಿಕ್ಕಮ್ಮ ಮೊದಲ ದಿನ ನೋಡಿದವಳೇ 'ಥೇಟ್ ನಮ್ಮೂರ ಪಟೇಲರ ಥರ ಇದ್ದಾರೆ' ಅಂದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅವರಿಗೆ ಗೌಡ್ರು ಅಂತಲೇ ಹೆಸರು. ಅದರ ಅರ್ಥ ಏನು ಅಂತ ಒಮ್ಮೆ ಕೇಳಿದರು. ಹೇಳಿದೆ. ಖುಷಿಪಟ್ಟರು ಅನ್ನಿಸುತ್ತದೆ, ಟೋಪಿ ಸರಿ ಮಾಡಿಕೊಂಡರು.

ನಾನು 1998ರಲ್ಲಿ ವಿಕ್ಟೋರಿಯಾ ಊರಿಗೆ ಕೆಲಸಕ್ಕೆ ಬಂದ ಹೊಸತು. ಒಂದು ದಿನ ರಸ್ತೆ ಬದಿಯ ಬೇಲಿಯೊಳಗೆ ದನ ಕಂಡು ಕಾರು ನಿಲ್ಲಿಸಿದೆ. ಬೆನ್ನ ಮೇಲೆ ಡುಬ್ಬ, ಜೋಲುಬಿದ್ದ ಗಂಗೆದೊಗಲು, ಉದ್ದ ಕಿವಿ. ಅಮೆರಿಕದಲ್ಲಿ ಇವು ಎಲ್ಲಿಂದ ಬಂದವು? ಗೌಡ್ರು ಬೇಲಿ ಹತ್ತಿರ ಬಂದು 'ಬ್ರಾಹ್ಮನ್' ಅಂದರು. ನಾನು ನನ್ನ ಜಾತಿ ಕೇಳುತ್ತಿದ್ದಾರೆ ಅಂದುಕೊಂಡೆ! ಆಮೇಲೆ ಗೊತ್ತಾಯಿತು, ಅದು ತಳಿಯ ಹೆಸರು. ನಮ್ಮ ದೇಶದ ಗಿರ್, ಗುಜರಾತಿನ ಕಾಂಕ್ರೇಜ್, ಓಂಗೋಲ್, ಜೊತೆಗೆ ನಮ್ಮ ಕೃಷ್ಣಾ ತೀರದ ಕೃಷ್ಣಾ ವ್ಯಾಲಿ ದನಗಳನ್ನು ಸೇರಿಸಿ ಇಲ್ಲಿ ಕಟ್ಟಿದ ತಳಿ. ಅದರ ಸಾಕಣೆಗಾರರ ಸಂಘ 1924ರಲ್ಲೇ ಶುರುವಾಯಿತು. ಇಲ್ಲಿನ ಸೆಕೆ, ಉಣ್ಣೆಹುಳ, ನೊಣ ಎಲ್ಲ ತಡೆಯುವುದು ಇದೇ. 'ಇವುಗಳ ಅಜ್ಜಿ ನಮ್ಮ ರಾಜ್ಯದವಳು' ಅಂದೆ. ಅದನ್ನು ಗೌಡ್ರು ಕೊನೆಯವರೆಗೂ ಬಂದವರಿಗೆಲ್ಲ ಹೇಳುತ್ತಿದ್ದರು.

ಇವರು ಮೂವತ್ತು ವರ್ಷಕ್ಕೂ ಜಾಸ್ತಿ ಫೋರ್-ಎಚ್ ಅನ್ನೋ ಮಕ್ಕಳ ಕ್ಲಬ್ಬಿಗೆ ಕೂಲಿಯಿಲ್ಲದೆ ದುಡಿದವರು. ತಲೆ, ಹೃದಯ, ಕೈ, ಆರೋಗ್ಯ. ಈ ನಾಲ್ಕೂ ಇಂಗ್ಲಿಷಿನಲ್ಲಿ ಎಚ್ ಅಕ್ಷರದಿಂದ ಶುರು, ಅದಕ್ಕೆ ಆ ಹೆಸರು. ಹಸಿರು ನಾಲ್ಕೆಲೆಯ ಗುರುತು. ದೇಶದಲ್ಲಿ ಸುಮಾರು 60 ಲಕ್ಷ ಮಕ್ಕಳು ಇದರಲ್ಲಿದ್ದಾರೆ. ಇದು ಹುಟ್ಟಿದ ಕಾರಣ ಕೇಳಿದರೆ ನಗು ಬರುತ್ತದೆ. ನೂರು ವರ್ಷಕ್ಕೂ ಹಿಂದೆ ಕೃಷಿ ಕಾಲೇಜಿನವರು ಹೊಸ ಬಿತ್ತನೆ ಹೇಳಿಕೊಡಲು ಹೋದರೆ ರೈತರು ಕಿವಿಗೇ ಹಾಕಿಕೊಳ್ಳಲಿಲ್ಲ. 'ನಮ್ಮಪ್ಪ ಹೀಗೇ ಮಾಡ್ತಿದ್ದ' ಅಂದರು. ನಿಮ್ಮ ತಾತನೂ ಅದನ್ನೇ ಅಂತಿದ್ದರು, ಅಲ್ವಾ? ಆಗ ಕಾಲೇಜಿನವರು ಬೀಜ ತಗೊಂಡು ಹೋಗಿ ಹುಡುಗರ ಕೈಗೆ ಕೊಟ್ಟರು. ಮಗನ ಜೋಳ ತನ್ನ ಜೋಳಕ್ಕಿಂತ ಎತ್ತರ ಬೆಳೆದು ನಿಂತಾಗ ಅಪ್ಪ ದಾರಿಗೆ ಬಂದ. ಟೆಕ್ಸಸ್‌ನಲ್ಲಿ ಇಂಥ ಮೊದಲ ಕ್ಲಬ್ 1908ರಲ್ಲಿ ಜ್ಯಾಕ್ ಕೌಂಟಿಯ ಹುಡುಗರದು, ಮುಸುಕಿನ ಜೋಳದ ಕ್ಲಬ್.

ನಮ್ಮ ಮಗಳು ಸಿರಿ ಈ ಫೋರ್-ಎಚ್‌ಗೆ ಸೇರಿದ್ದು ಹನ್ನೆರಡನೇ ವಯಸ್ಸಿನಲ್ಲಿ, 2010ರ ಕೊನೆಗೆ. ಗೌಡ್ರ ಕೊಟ್ಟಿಗೆಯಲ್ಲೇ ಒಂದು ಬ್ರಾಹ್ಮನ್ ಕಡಸು ಕಟ್ಟಿದೆವು. ಗೌರಿ ಅಂತ ಹೆಸರಿಟ್ಟೆವು. ಇಲ್ಲಿ ಮೂಗು ಚುಚ್ಚುವುದಿಲ್ಲ, ಮುಖಕ್ಕೆ ಹ್ಯಾಲ್ಟರ್ ಅನ್ನೋ ಪಟ್ಟಿ ಹಾಕಿ ನಡೆಸಿ ಪಳಗಿಸುತ್ತಾರೆ. ಮೊದಲ ದಿನ ಗೌರಿ ನಾಲ್ಕು ಕಾಲೂ ಊರಿ ನಿಂತಳು. ಸಿರಿ ಎಳೆದಳು. ಅಲುಗಲಿಲ್ಲ. ಇಪ್ಪತ್ತು ನಿಮಿಷ. ಮಗಳ ಕಣ್ಣಲ್ಲಿ ನೀರು. ನಾನು ಹಗ್ಗ ಹಿಡಿಯಲು ಮುಂದೆ ಹೋದೆ. ಗೌಡ್ರು ತಮ್ಮ ಎರಡೂ ಕೈಗಳನ್ನು ಪ್ಯಾಂಟಿನ ಹಿಂದಿನ ಜೇಬಿಗೆ ತೂರಿಸಿಕೊಂಡು ನಿಂತಿದ್ದರು. ನನ್ನ ಕಡೆ ತಿರುಗಿ, ನನ್ನ ಜೇಬಿನ ಕಡೆ ಕಣ್ಣು ಮಾಡಿದರು. ನಾನೂ ಕೈ ಒಳಗಿಟ್ಟೆ. ಆಮೇಲೆ ಮಗಳಿಗೆ ಒಂದೇ ಮಾತು: 'ಎಳೆದೇ ಇರಬೇಡ. ಅದು ಒಂದು ಹೆಜ್ಜೆ ಇಟ್ಟ ತಕ್ಷಣ ಹಗ್ಗ ಸಡಿಲ ಬಿಡು. ಅದೇ ಅದಕ್ಕೆ ಸಿಗುವ ಕೂಲಿ.' ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಗೌರಿ ನೀರಿನ ತೊಟ್ಟಿಯ ಕಡೆ ಒಂದು ಹೆಜ್ಜೆ ಇಟ್ಟಳು. ಸಿರಿ ಹಗ್ಗ ಬಿಟ್ಟಳು. ಮತ್ತೊಂದು ಹೆಜ್ಜೆ.

ಆ ಕೈ ಜೇಬಿನಲ್ಲಿಟ್ಟುಕೊಳ್ಳುವುದು ಇದೆಯಲ್ಲ ಪುಟ್ಟೂ, ಅದು ಹೇಳಿದಷ್ಟು ಸುಲಭ ಅಲ್ಲ. ಗೌಡ್ರು ಕಣ್ಣು ಮುಚ್ಚಿ ಮಾಡಬಲ್ಲ ಕೆಲಸವನ್ನು ಒಬ್ಬ ಹುಡುಗ ತಪ್ಪು ತಪ್ಪಾಗಿ ಮಾಡುತ್ತಿರುತ್ತಾನೆ. ಮೇವು ಹಾಕುವ ಹೊತ್ತು ಮೀರುತ್ತಿರುತ್ತದೆ. ಆದರೂ ಸುಮ್ಮನಿರಬೇಕು. ಕ್ಲಬ್ಬಿನ ಮೀಟಿಂಗೂ ಹಾಗೇ. ಅಧ್ಯಕ್ಷೆ ಹದಿಮೂರು ವರ್ಷದವಳು, ಸುತ್ತಿಗೆ ಕುಟ್ಟಿ ಮೀಟಿಂಗ್ ನಡೆಸುತ್ತಾಳೆ. ಲೆಕ್ಕ ಓದುವವನು ಇನ್ನೂ ಚಿಕ್ಕವನು. ಗೌಡ್ರು ಕೊನೇ ಬೆಂಚಿನಲ್ಲಿ ಟೋಪಿ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದರು. ಯಾರಾದರೂ ತಿರುಗಿ ಅವರ ಮುಖ ನೋಡಿದರೆ ಅವರು ಸೂರು ನೋಡುತ್ತಿದ್ದರು.

ನಾನು ಮಾಡಿದ ತಪ್ಪನ್ನೂ ಬರೆಯುತ್ತೇನೆ. 2011ರಲ್ಲಿ ಇಲ್ಲಿ ಬರ ಬಿತ್ತು. ಒಂದೇ ವರ್ಷದ ಬರಗಳಲ್ಲಿ ಟೆಕ್ಸಸ್ ಅಷ್ಟು ಕೆಟ್ಟದ್ದನ್ನು ಕಂಡಿರಲಿಲ್ಲ. ರಾಜ್ಯದ ಬೇಸಾಯಕ್ಕೆ 762 ಕೋಟಿ ಡಾಲರ್ ನಷ್ಟ ಅಂತ ಲೆಕ್ಕ ಹಾಕಿದರು. ಹುಲ್ಲೆಲ್ಲ ಬೂದಿ ಬಣ್ಣ. ಬೇರೆ ರಾಜ್ಯದಿಂದ ಲಾರಿಯಲ್ಲಿ ಹುಲ್ಲಿನ ಸುರುಳಿ ಬರುತ್ತಿತ್ತು, ಚಿನ್ನದ ಬೆಲೆ. ಗೌಡ್ರು ಅರ್ಧಕ್ಕಿಂತ ಜಾಸ್ತಿ ದನ ಮಾರಿದರು. ಅಪ್ಪ ಕಟ್ಟಿದ ಹಿಂಡು. ಲಾರಿ ಹೋದ ಮೇಲೆ ಗೇಟ್ ಹಾಕಿ ಬಂದು, ಕ್ಲಬ್ಬಿನ ಮಕ್ಕಳ ಕಡಸುಗಳಿಗೆ ತೊಟ್ಟಿ ತುಂಬಿಸಿದ್ದನ್ನು ನಾನೇ ನೋಡಿದ್ದೇನೆ. ಆ ವರ್ಷ ಒಂದು ಮೀಟಿಂಗೂ ತಪ್ಪಲಿಲ್ಲ.

ಮಕ್ಕಳು ಪ್ರಾಣಿಯ ಲೆಕ್ಕದ ಪುಸ್ತಕ ತಾವೇ ಬರೆಯಬೇಕು: ಮೇವಿಗೆಷ್ಟು, ಔಷಧಿಗೆಷ್ಟು, ತೂಕವೆಷ್ಟು. ಸಿರಿಗೆ ಪರೀಕ್ಷೆ ಅಂತ ನಾನು ಕಂಪ್ಯೂಟರಿನಲ್ಲಿ ಚೆಂದವಾಗಿ ಪಟ್ಟಿ ಮಾಡಿ, ಬಣ್ಣದ ಗ್ರಾಫ್ ಹಾಕಿ ಕೊಟ್ಟೆ. ಗೌಡ್ರು ಪುಟ ತಿರುಗಿಸಿ ಅವಳನ್ನು ಕೇಳಿದರು, 'ಜುಲೈನಲ್ಲಿ ಹುಲ್ಲಿನ ಖರ್ಚು ಯಾಕೆ ಇಷ್ಟು ಏರಿದೆ?' ಕಿಟಕಿಯಾಚೆ ನೆಲ ಬಿರುಕು ಬಿಟ್ಟಿದೆ. ಅವಳು ನನ್ನ ಮುಖ ನೋಡಿದಳು. ಗೌಡ್ರು ಪುಸ್ತಕ ಮುಚ್ಚಿದರು. ಆಮೇಲೆ ಪಿಕಪ್ ಹತ್ತಿರ ನನಗೆ ಹೇಳಿದರು, 'ಚೆನ್ನಾಗಿ ಬರೆದಿದ್ದೀಯ. ನಿನಗೆ ಯಾವ ಬಣ್ಣದ ರಿಬ್ಬನ್ ಬೇಕು?' ಇಲ್ಲಿ ದನದ ಪ್ರದರ್ಶನಕ್ಕೆ ಶೋ ಅಂತಾರೆ, ಅಲ್ಲಿ ಮಕ್ಕಳಿಗೆ ಕೊಡುವ ಬಹುಮಾನವೇ ಬಣ್ಣದ ರಿಬ್ಬನ್. ನೆಲ ಬಾಯಿ ಬಿಟ್ಟರೆ ಇಳಿದುಬಿಡೋಣ ಅನ್ನಿಸಿತು. ನೆಲವೂ ಅವತ್ತು ಬಾಯಿ ಬಿಟ್ಟೇ ಇತ್ತು ಅನ್ನು.

ಇನ್ನೊಂದು ವಿಷಯ ಬಿಟ್ಟರೆ ಸುಳ್ಳು ಬರೆದ ಹಾಗಾಗುತ್ತದೆ. ಇಲ್ಲಿನ ರಾಂಚುಗಳಲ್ಲಿ ದನ ಸಾಕುವುದು ಮಾಂಸಕ್ಕೆ. ನಮ್ಮದು ತಳಿಗೆ ಬಿಟ್ಟ ಕಡಸು, ಮನೆಗೆ ವಾಪಸ್ ಬಂತು. ಆದರೆ ಬೇರೆ ಮಕ್ಕಳು ಸಾಕಿದ, ಬೀಜ ಒಡೆದ ಹೋರಿಗಳು ಶೋ ಮುಗಿದ ಮೇಲೆ ಹರಾಜಿಗೆ ಹೋಗುತ್ತಿದ್ದವು. ಹಗ್ಗ ಬಿಚ್ಚಿಕೊಂಡು ಬರಿಗೈಲಿ ಬರುವ ಹುಡುಗರನ್ನು ನೋಡಲು ಇವತ್ತಿಗೂ ನನಗೆ ಆಗುವುದಿಲ್ಲ. ಗೌಡ್ರ ಹತ್ತಿರ ಈ ಬಗ್ಗೆ ವಾದ ಮಾಡಿದ್ದೇನೆ. ಅವರೂ ಬದಲಾಗಲಿಲ್ಲ, ನಾನೂ ಬದಲಾಗಲಿಲ್ಲ. ಆದರೆ ಅವರು ಕರು ಕೊಡಿಸುವ ದಿನವೇ ಹುಡುಗನನ್ನು ಕೂರಿಸಿ ಇದು ಎಲ್ಲಿಗೆ ಹೋಗುತ್ತದೆ ಅಂತ ನೇರ ಹೇಳುತ್ತಿದ್ದರು. ಬೇಡ ಅಂದವರಿಗೆ ಕೋಳಿಯೋ ಕಡಸೋ ಹುಡುಕಿ ಕೊಡುತ್ತಿದ್ದರು. ನಮ್ಮ ಊರಲ್ಲಿ ನಾವು ಗಂಡುಕರು ಮಾರುವಾಗ ಮಕ್ಕಳಿಗೆ ಏನು ಹೇಳುತ್ತೇವೆ, ಯೋಚನೆ ಮಾಡು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಸ್ವಂತ ಮಕ್ಕಳಿಗೆ ಟೈಮ್ ಎಲ್ಲಿಂದ? ಗೌಡ್ರಿಗೆ ಮೂವರು ಮಕ್ಕಳು, ಆರು ಮೊಮ್ಮಕ್ಕಳು. ಪಿಕಪ್ ಕ್ಲಬ್ಬಿಗೆ ಹೊರಟರೆ ಯಾರಾದರೂ ಒಬ್ಬರು ಪಕ್ಕದ ಸೀಟಿನಲ್ಲಿ ಇದ್ದೇ ಇರಬೇಕು. ಅವರ ಮನೆಯಾಕೆ ಒಮ್ಮೆ ನಿನ್ನ ಚಿಕ್ಕಮ್ಮನಿಗೆ ಹೇಳಿದರು: 'ಗಂಡನ ಮುಖ ನೋಡಬೇಕು ಅಂತ ನಾನೂ ಕ್ಲಬ್ಬಿಗೆ ಸೇರಿದೆ.' ನಕ್ಕುಕೊಂಡೇ ಹೇಳಿದರು, ಪೂರ್ತಿ ತಮಾಷೆಯಲ್ಲ. ಸಂಜೆ ಆರಕ್ಕೆ ಮಾತ್ರ ಎಲ್ಲರೂ ಊಟದ ಮೇಜಿನಲ್ಲಿ, ಟೋಪಿ ಗೂಟಕ್ಕೆ. ಅದಕ್ಕೆ ಯಾವ ಹಸುವೂ ಅಡ್ಡ ಬರುವ ಹಾಗಿರಲಿಲ್ಲ, ಕರು ಹಾಕುತ್ತಿದ್ದ ಹಸು ಬಿಟ್ಟು.

ನೀನೂ ಶನಿವಾರ ಮಗಳನ್ನು ಗಾಡಿಯಲ್ಲಿ ಮುಂದೆ ಕೂರಿಸಿಕೊಂಡು ಹೋಗು. ಏಳು ವರ್ಷದವಳು ಬಕೆಟ್ ಹಿಡಿಯಲಿ. ಪ್ರತಿ ವಾರ ಬೇಡ, ಹದಿನೈದು ದಿನಕ್ಕೊಮ್ಮೆ ಸಾಕು. ಆದರೆ ಹೇಳಿದ ದಿನ, ಹೇಳಿದ ಹೊತ್ತಿಗೆ ಹೋಗು. ಇಲ್ಲಿ ಗೌಡ್ರ ಹಿಂದೆ ವಿಶ್ವವಿದ್ಯಾಲಯ, ಸಂಬಳ ತಗೊಂಡು ರೈತರಿಗೆ, ಕ್ಲಬ್ಬಿಗೆ ನೆರವಾಗುವ ಏಜೆಂಟು ಎಲ್ಲ ಇದ್ದರು. ನಿನಗೆ ಅಷ್ಟಿಲ್ಲ. ಆದರೆ ಮಂಡ್ಯದ ವಿ.ಸಿ. ಫಾರಂ ಹತ್ತಿರದಲ್ಲೇ ಇದೆ, ಅಲ್ಲಿನ ಕೃಷಿ ವಿಜ್ಞಾನ ಕೇಂದ್ರದವರನ್ನು ಹೋಗಿ ಕೇಳು. ಮೊದಲಿಗೆ ಶಾಲೆ ಹಿಂದೆ ಎರಡು ಮಡಿ ಸೊಪ್ಪು, ಒಂದು ಕರು, ಒಂದು ಲೆಕ್ಕದ ಪುಸ್ತಕ. ಪುಸ್ತಕ ಮಕ್ಕಳೇ ಬರೆಯಲಿ, ಕಾಗುಣಿತ ತಪ್ಪಿದ್ದರೂ ಇರಲಿ.

ಒಂದು ವಿಷಯದಲ್ಲಿ ಮಾತ್ರ ಗೌಡ್ರ ದಾರಿ ಹಿಡಿಯಬೇಡ. ಅವರಿಗೆ ಯಾರಿಗೂ ಇಲ್ಲ ಅನ್ನಲು ಬರುತ್ತಿರಲಿಲ್ಲ. ಎದೆ ನೋಯುತ್ತಿದೆ ಅಂತ ಹೆಂಡತಿಗೆ ಹೇಳಿದ್ದು ಶೋ ಮುಗಿದ ಮೇಲೆ, ಆರು ವಾರ ತಡವಾಗಿ. ಆಕೆಗೆ ಆ ಸಿಟ್ಟು ಇನ್ನೂ ಹೋಗಿಲ್ಲ. ಮಣ್ಣಿನ ದಿನ ನನ್ನ ಹತ್ತಿರ ಅದನ್ನೇ ಹೇಳಿ ಅತ್ತರು.

ಆವತ್ತು ಸಿರಿಯೂ ಬಂದಿದ್ದಳು. ಅವಳ ವಾರಿಗೆಯವರು ಸಾಲಾಗಿ ನಿಂತಿದ್ದರು: ಒಬ್ಬ ಟ್ರಕ್ ಓಡಿಸುತ್ತಾನೆ, ಒಬ್ಬಳು ಪಶುವೈದ್ಯೆ, ಇಬ್ಬರು ಬ್ಯಾಂಕಿನಲ್ಲಿ. ಹಿಂದಿನಿಂದ ನೋಡಿದರೆ ಅರ್ಧಕ್ಕರ್ಧ ಜನರ ಕೈ ಹಿಂದಿನ ಜೇಬಿನಲ್ಲಿ. ಅವರಿಗೇ ಗೊತ್ತಿರಲಿಕ್ಕಿಲ್ಲ.

ಡಿಸೆಂಬರಿನಲ್ಲಿ ಬರುವಾಗ ಗೌರಿಯ ಚರ್ಮದ ಹ್ಯಾಲ್ಟರ್ ತರುತ್ತೇನೆ. ಸಿರಿ ಕೊಡು ಅಂದಿದ್ದಾಳೆ. ನಿನ್ನ ಕಪ್ಪು ಹಸುವಿನ ಕರುವಿಗೆ ದೊಡ್ಡದಾದೀತು, ಎರಡು ತೂತು ಹೆಚ್ಚಿಗೆ ಹೊಡೆಸಿದರಾಯಿತು. ಹೆಡ್‌ಮಾಸ್ಟರಿಗೆ ಏನು ಹೇಳಿದೆ ಅಂತ ಅಣ್ಣನ ಕೈಲಿ ಹೇಳಿಸಬೇಡ, ನೀನೇ ಫೋನ್ ಮಾಡು. ನಿನ್ನ ಹಾಲಿನ ಹೊತ್ತು ನನಗೆ ಗೊತ್ತು, ಅದು ಮುಗಿದ ಮೇಲೇ ಮಾಡು.

ಇಂತಿ,
ನಿನ್ನ ಚಿಕ್ಕಪ್ಪ