ಕೊನೆಗೂ ರ್‍ಯಾಂಕಿಂಗ್ ಬಂತು, ಥ್ಯಾಂಕ್ಸ್ ಹೇಳೋದಿದೆ

ಸೋಮವಾರದ ಡಬ್ಲ್ಯುಟಿಎ, ಅಂದ್ರೆ ಹೆಂಗಸರ ಟೆನ್ನಿಸ್ ರ್‍ಯಾಂಕಿಂಗ್ ಲಿಸ್ಟಲ್ಲಿ ನನ್ ಹೆಸ್ರಿದೆ! ಸಾವಿರದ ಆಚೆ ಎಲ್ಲೋ ಇದೀನಿ, ಆದ್ರೂ ಇದೀನಿ. ಹುಡುಗ್ರಿಗಾದ್ರೆ ಒಂದು ಪಾಯಿಂಟ್ ಬಂದ್ರೆ ಸಾಕು, ನಮ್ಗೆ ಮೂರು ಟೂರ್ನಮೆಂಟಲ್ಲಿ ಪಾಯಿಂಟ್ ತಗೋಬೇಕು, ಇಲ್ಲಾ ಒಟ್ಟು 10 ಆಗ್ಬೇಕು, ಅದಕ್ಕೇ ಮೊದಲ್ನೇ ಪಾಯಿಂಟ್‌ಗೇ ಕಂಗ್ರಾಟ್ಸ್ ಅಂದೋರಿಗೆಲ್ಲ "ಇನ್ನೂ ತಡೀರಿ" ಅಂತ ಹೇಳಿ ಹೇಳಿ ಸಾಕಾಗಿತ್ತು.

ಮೊದಲ್ನೇ ಥ್ಯಾಂಕ್ಸ್ ಮೈಸೂರಿನ ಕ್ಲಬ್ಬಲ್ಲಿ ಕೋರ್ಟ್ ನೋಡ್ಕೊಂಡು ಜೊತೆಗೆ ಆಡಿಸೋ ಮಾರ್ಕರ್ ಅಣ್ಣಂದಿರಿಗೆ. ಬೆಳಗ್ಗೆ ಐದೂವರೆಗೇ ಮಣ್ಣಿನ ಕೋರ್ಟಿಗೆ ನೀರು ಹಾಕಿ, ರೋಲರ್ ಎಳೆದು, ಗೆರೆ ಗುಡಿಸಿ, ಮೆಂಬರ್‌ಗಳು ಬರೋಕ್ ಮುಂಚೆ ನನ್ ಹತ್ರ ಬ್ಯಾಕ್‌ಹ್ಯಾಂಡ್ ಹೊಡೆಸೋರು, ದುಡ್ಡು ಕೊಡಕ್ ಹೋದ್ರೆ "ದೊಡ್ಡೋಳಾದ್ಮೇಲೆ ಕೊಡುವಂತೆ ಹೋಗಮ್ಮ" ಅನ್ನೋರು.

ಆಮೇಲೆ ಅಮ್ಮ. ಜೂನಿಯರ್ಸ್ ಮುಗಿದಾಗ ಗೊತ್ತಿರೋರೆಲ್ಲ ಹೇಳಿದ್ದು ಒಂದೇ, ಅಮೆರಿಕಾ ಕಾಲೇಜಿಗೆ ಹೋದ್ರೆ ಡಿಗ್ರಿ ತಗೊಂಡು ಕೆಲಸಕ್ ಸೇರ್ಕೋತಾಳೆ, ಟೆನ್ನಿಸ್ ಕಥೆ ಅಲ್ಲಿಗೆ ಮುಗೀತು ಅಂತ. ಅಮ್ಮ ಮಾತ್ರ ನಮ್ ಇಂಡಿಯಾದ ಟೆನ್ನಿಸ್ ಆಟಗಾರ ಸೋಮ್‌ದೇವ್ ದೇವ್‌ವರ್ಮನ್ ಹೆಸ್ರು ಹಿಡ್ಕೊಂಡು ಕೂತ್ಲು, ವರ್ಜೀನಿಯಾದಲ್ಲಿ ಓದ್ತಾನೇ 2007, 2008 ಎರಡು ವರ್ಷಾನೂ ಎನ್‌ಸಿಎಎ (ಅಮೆರಿಕಾ ಕಾಲೇಜುಗಳ ಚಾಂಪಿಯನ್‌ಶಿಪ್) ಸಿಂಗಲ್ಸ್ ಗೆದ್ದ, ಆಮೇಲೇ ತಾನೇ ಟೂರಿಗೆ ಬಂದಿದ್ದು ಅಂತ. ಅಮೆರಿಕಾ ಆಟಗಾರ್ತಿ ಡ್ಯಾನಿಯೆಲ್ ಕಾಲಿನ್ಸೂ ಅದೇ ಕಾಲೇಜು, ಅವಳು 2022ರಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್ ಆಡಿದ್ಮೇಲೆ ಅಮ್ಮನ್ನ ಹಿಡಿಯೋರೇ ಇರ್ಲಿಲ್ಲ. ಇನ್ನೊಂದು ವಿಷ್ಯ, ಆಗ ಕಾಲೇಜ್ ಟೆನ್ನಿಸಿನ ಮೇಲಿನ ಹಂತ ಡಿವಿಷನ್ 1ರಲ್ಲಿ ಹುಡುಗೀರ ಟೀಮಿಗೆ 8 ಫುಲ್ ಸ್ಕಾಲರ್‌ಶಿಪ್ ಇತ್ತು, ಹುಡುಗ್ರಿಗೆ ನಾಲ್ಕೂವರೆ ಅಷ್ಟೇ, ಅದನ್ನೇ ಹಂಚ್ಕೋಬೇಕಿತ್ತು ಪಾಪ. ಆ ಸ್ಕಾಲರ್‌ಶಿಪ್ ಸಿಗ್ದೇ ಇದ್ರೆ ನಮ್ಮನೇಲಿ ಈ ಮಾತೇ ಎತ್ತೋ ಹಾಗಿರ್ಲಿಲ್ಲ.

ಟೀಮ್‌ಮೇಟ್ಸಿಗೆ ಹೆಂಗ್ ಥ್ಯಾಂಕ್ಸ್ ಹೇಳೋದೋ ಗೊತ್ತಾಗ್ತಿಲ್ಲ. ಜೂನಿಯರ್ಸಲ್ಲಿ ಸೋತ್ರೆ ನಾನೊಬ್ಳೇ ಅಳ್ತಿದ್ದೆ, ಕಾಲೇಜಲ್ಲಿ ಹಾಗಲ್ಲ, ಟೀಮಿನ ಆರನೇ ಸಿಂಗಲ್ಸ್ ಆಡ್ತಾ ಇರ್ತೀನಿ, ಟೀಮ್ ಸ್ಕೋರ್ 3-3, ಬೇರೆ ಕೋರ್ಟೆಲ್ಲ ಮುಗಿದು ಎಲ್ರೂ ನನ್ ಬೇಲಿ ಹತ್ರಾನೇ ಬಂದು ಕಿರುಚ್ತಾ ಇರ್ತಾರೆ, ಮೇಲಿಂದ ನೋ-ಆ್ಯಡ್, 40-40 ಆದ್ರೆ ಒಂದೇ ಪಾಯಿಂಟಲ್ಲಿ ಗೇಮ್ ಹೋಯ್ತು. ಕೈ ನಡುಗ್ತಾ ಇದ್ರೂ ಸೆಕೆಂಡ್ ಸರ್ವ್ ಪೂರ್ತಿ ಬೀಸಿ ಹೊಡಿಯೋದನ್ನ ಕಲಿಸಿದ್ದು ಆ ಗಲಾಟೆನೇ, ಯಾವ ಅಕಾಡೆಮಿನೂ ಅಲ್ಲ. ಈಗ ಟೂರಲ್ಲಿ, 15 ಸಾವಿರ ಡಾಲರ್ ಬಹುಮಾನದ ಟೂರ್ನಮೆಂಟಲ್ಲಿ ನೋಡೋಕೆ ಅಂಪೈರ್ ಬಿಟ್ರೆ ಎದುರಾಳಿ ಅಪ್ಪ ಒಬ್ರು ಇರ್ತಾರೆ, ನಿಜವಾಗ್ಲೂ ಬೋರ್ ಹೊಡಿಯತ್ತೆ ಕಣ್ರೇ, ಬನ್ನಿ ಯಾರಾದ್ರೂ.

ಅಪ್ಪಂಗೆ ಇಲ್ಲಿ ಥ್ಯಾಂಕ್ಸ್ ಬರೆದ್ರೆ ಬೈತಾರೆ, ಮನೇಲೇ ಹೇಳ್ತೀನಿ. ರ್‍ಯಾಕೆಟ್‌ಗೆ ದಾರ ಕಟ್ಟೋ ಗಟ್ಟಿಂಗ್ ಅಣ್ಣ, ಬಾಕಿ ಬಿಲ್ ಕಳಿಸಿ ಪ್ಲೀಸ್. ಮುಂದಿನ ವಾರ ಮತ್ತೆ ಕ್ವಾಲಿಫೈಯಿಂಗ್, ಈ ಸಲ ಯಾರ ಹತ್ರನೂ ವೈಲ್ಡ್ ಕಾರ್ಡ್ ಕೇಳಿಲ್ಲ.