ಮೊದಲು ಅಳತೆ, ಆಮೇಲೆ ಕ್ಯಾಮ್

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿ ಬದಲಾಗುತ್ತಿದೆ. ಹಾರ್ಲಿ ಡೇವಿಡ್‌ಸನ್ ಬೈಕಿನ ಟ್ವಿನ್ ಕ್ಯಾಮ್ ಎಂಜಿನ್ನಿಗೆ ಕ್ಯಾಮ್ (ವಾಲ್ವ್ ತೆರೆಸುವ ಶಾಫ್ಟ್) ಬದಲಿಸಲು ಅಥವಾ ಬಿಗ್ ಬೋರ್ ಕಿಟ್ (ದೊಡ್ಡ ಸಿಲಿಂಡರ್, ಪಿಸ್ಟನ್) ಹಾಕಿಸಲು ಗಾಡಿ ತಂದರೆ, ಮೊದಲು ಕ್ರ್ಯಾಂಕ್‌ಶಾಫ್ಟ್, ಅಂದರೆ ಪಿಸ್ಟನ್ ತಿರುಗಿಸುವ ಮುಖ್ಯ ಶಾಫ್ಟ್, ಎಷ್ಟು ಓಲಾಡುತ್ತಿದೆ ಎಂದು ಅಳೆಯುತ್ತೇವೆ. ಅಳತೆಯನ್ನು ನಿಮಗೆ ತೋರಿಸಿದ ಮೇಲೆಯೇ ಪಾರ್ಟ್ಸ್ ಆರ್ಡರ್. ಇದಕ್ಕೆ ಒಂದು ದಿನ ಜಾಸ್ತಿ ಹಿಡಿಯುತ್ತದೆ. "ಗಾಡಿ ಚೆನ್ನಾಗೇ ಓಡ್ತಿದೆ, ಸುಮ್ನೆ ಯಾಕೆ ಬಿಚ್ಚಬೇಕು?" ಎಂದು ಈಗಾಗಲೇ ಕೆಲವರು ಫೋನಿನಲ್ಲಿ ಕೇಳಿದ್ದಾರೆ. ಕೇಳಬೇಕಾದ ಮಾತೇ.

ಕಾರಣ ನಮ್ಮದೇ ಒಂದು ತಪ್ಪು. ಕಳೆದ ವರ್ಷ ಒಬ್ಬ ಗ್ರಾಹಕರ ಗಾಡಿಗೆ ಕ್ಯಾಮ್ ತಿರುಗಿಸುವ ಚೈನ್ ತೆಗೆದು, ಗೇರಿನಿಂದ ತಿರುಗುವ ಕ್ಯಾಮ್ (ಗೇರ್ ಕ್ಯಾಮ್) ಹಾಕಿಕೊಟ್ಟೆವು. ಅವಸರದಲ್ಲಿ ಕ್ರ್ಯಾಂಕ್ ಅಳೆಯಲಿಲ್ಲ. ಸ್ಟಾರ್ಟ್ ಮಾಡಿದಾಗ ಕ್ಯಾಮ್ ಕವರಿನ ಒಳಗಿಂದ ಸಣ್ಣಗೆ ಗೊರ್ ಎನ್ನುವ ಸದ್ದು ಬರುತ್ತಿತ್ತು. ಹೊಸ ಗೇರ್ ಅಲ್ವಾ, ಕೂತುಕೊಳ್ಳುತ್ತದೆ ಅಂದುಕೊಂಡೆವು. ಎರಡು ತಿಂಗಳಿಗೆ ಗಾಡಿ ವಾಪಸ್ ಬಂತು. ಬಿಚ್ಚಿ ನೋಡಿದರೆ ಕ್ರ್ಯಾಂಕಿನ ತುದಿಯ ಪಿನಿಯನ್ ಗೇರಿನ ಅರ್ಧ ಸುತ್ತಿನ ಹಲ್ಲುಗಳು ಉಜ್ಜಿ ಉಜ್ಜಿ ಹೊಳೆಯುತ್ತಿದ್ದವು, ಉಳಿದರ್ಧ ಹೊಸದರ ಹಾಗೇ ಇದ್ದವು. ಆಯಿಲ್ ಪಂಪಿನ ಒಳಮೈಯಲ್ಲಿ ಉಗುರಿಗೆ ತಾಗುವಷ್ಟು ಗೀರು. ಕ್ರ್ಯಾಂಕಿಗೆ ಡಯಲ್ ಗೇಜ್ (ಓಲಾಟ ಅಳೆಯುವ ಮುಳ್ಳಿನ ಮೀಟರ್) ಇಟ್ಟಾಗ ಮುಳ್ಳು 7 ಥೌ ತೋರಿಸಿತು. ಒಂದು ಥೌ ಎಂದರೆ ಇಂಚಿನ ಸಾವಿರ ಭಾಗದಲ್ಲಿ ಒಂದು ಭಾಗ. ಗೇರ್ ಕ್ಯಾಮಿಗೆ 3 ಥೌ, ಅಂದರೆ ಸುಮಾರು 0.076 ಮಿಮೀ ದಾಟಬಾರದು. ಖರ್ಚೆಲ್ಲ ನಾವೇ ಹಾಕಿಕೊಂಡೆವು, ಅದು ಬೇರೆ ಮಾತು.

ಈ ಓಲಾಟ ಬರುವುದು ಎಲ್ಲಿಂದ? ಜಾವಾ, ಯೆಜ್ಡಿ, ಆರ್‌ಎಕ್ಸ್ 100ಗೆ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ರಾಡ್) ಕಿಟ್ ಹಾಕಿಸಿದವರಿಗೆ ಬೇಗ ಅರ್ಥವಾಗುತ್ತದೆ. ಆ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ಫ್ಲೈವೀಲ್ (ಭಾರದ ಚಕ್ರ), ನಡುವೆ ರಾಡ್ ಕೂರುವ ಒಂದು ಪಿನ್. ಪಿನ್ನನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿರುತ್ತಾರೆ. ಬರೀ ಬಿಗಿತವೇ ಅದನ್ನು ಹಿಡಿದಿರುವುದು. ಟ್ವಿನ್ ಕ್ಯಾಮಿಗಿಂತ ಹಿಂದಿನ ಹಾರ್ಲಿಯ ಎವಲ್ಯೂಷನ್ ಎಂಜಿನ್ನಿನಲ್ಲಿ ಪಿನ್ನಿನ ಎರಡೂ ತುದಿ ಟೇಪರ್ (ಬರಬರುತ್ತಾ ಸಣ್ಣ) ಇದ್ದು, ನಟ್ ಬಿಗಿಯುತ್ತಿದ್ದರು. 1999ರ ಮಾಡೆಲ್‌ಗಳಿಗೆ 1450 ಸಿಸಿಯ ಟ್ವಿನ್ ಕ್ಯಾಮ್ 88 ಬಂದಾಗ ನಟ್ ಹೋಯಿತು, ಪ್ರೆಸ್ ಬಂತು. ಕಾರ್ಖಾನೆಗೆ ಅದು ಸುಲಭ, ನೇರವಾಗಿ ಜೋಡಿಸಿದ್ದರೆ ಗಟ್ಟಿಯೂ ಹೌದು. ಆದರೆ ಮೈಸೂರಿನ ಜಾವಾ 250ರಲ್ಲಿ ಒಂದೇ ಪಿಸ್ಟನ್, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75 ಮಿಮೀ. 2007ರ 1584 ಸಿಸಿ ಟ್ವಿನ್ ಕ್ಯಾಮ್ ಎಂಜಿನ್ನಿನಲ್ಲಿ ಎರಡು ರಾಡ್‌ಗಳು ಒಂದೇ ಪಿನ್ನಿಗೆ ಕಟ್ಟಿಕೊಂಡಿವೆ, ಸ್ಟ್ರೋಕ್ 111 ಮಿಮೀ. ಪಿನ್ ಮೇಲೆ ಬೀಳುವ ಏಟು ಎಲ್ಲಿಂದೆಲ್ಲಿಗೆ!

ಹಿಂದಿನ ಚಕ್ರಕ್ಕೆ ಹೋಗುವ ಶಕ್ತಿ ಎಡಗಡೆಯ ಫ್ಲೈವೀಲಿನಿಂದ ಹೋಗುತ್ತದೆ. ಕ್ಲಚ್ಚನ್ನು ಥಟ್ಟನೆ ಬಿಟ್ಟರೆ ಅಥವಾ ಗೇರ್ ಇಳಿಸುವಾಗ ಚಕ್ರ ಸಿಕ್ಕಿಹಾಕಿಕೊಂಡರೆ ಎಡಗಡೆಯದು ತಡೆಯುತ್ತದೆ, ಬಲಗಡೆಯದು ತನ್ನ ಭಾರಕ್ಕೆ ಮುಂದೆ ಓಡುತ್ತದೆ. ನಡುವೆ ಸಿಕ್ಕ ಪಿನ್ ಕೂದಲೆಳೆಯಷ್ಟು ತಿರುಗಿದರೂ ಸಾಕು, ಎರಡು ಫ್ಲೈವೀಲ್ ಕತ್ತರಿಯ ಹಾಗೆ ಸರಿಯುತ್ತವೆ. ಬ್ಯಾಟರಿ ವೀಕ್ ಇದ್ದಾಗ ಸೆಲ್ಫ್ ಒತ್ತಿ ಎಂಜಿನ್ ಹಿಂದಕ್ಕೆ ಒದ್ದರೂ ಹೀಗಾಗಬಹುದು. ನಿಂತಲ್ಲೇ ಟೈರ್ ಸುಡುವವರ ಬಗ್ಗೆ ನಾವೇನೂ ಹೇಳುವುದಿಲ್ಲ, ಗಾಡಿ ನಿಮ್ಮದು. ಬಲಗಡೆಯ ಶಾಫ್ಟೇ ಕ್ಯಾಮ್ ಡ್ರೈವನ್ನೂ ಆಯಿಲ್ ಪಂಪನ್ನೂ ತಿರುಗಿಸುವುದು. ಅದು ಓಲಾಡಿದರೆ ಚೈನ್ ಹೇಗೋ ಹೊಂದಿಕೊಳ್ಳುತ್ತದೆ. ಗೇರಿಗೆ ಆ ತಾಳ್ಮೆ ಇಲ್ಲ.

ಇನ್ನೊಂದು ಮಾತು. ಗೇರ್ ಕ್ಯಾಮ್ ಕೇಳಿಕೊಂಡು ಬರುವ ಬಹಳ ಜನರಿಗೆ ನಿಜಕ್ಕೂ ಅದು ಬೇಕಿಲ್ಲ. ಮೊದಲ ಟ್ವಿನ್ ಕ್ಯಾಮ್‌ಗಳಲ್ಲಿ ಕ್ಯಾಮ್ ಚೈನನ್ನು ಬಿಗಿಯಾಗಿ ಹಿಡಿಯುವ ಸ್ಪ್ರಿಂಗ್ ಟೆನ್ಷನರಿನ ಶೂ (ಚೈನಿಗೆ ಒತ್ತಿಕೊಂಡಿರುವ ಪಟ್ಟಿ) ಸವೆದು ಅದರ ಪುಡಿ ಆಯಿಲಿಗೆ ಸೇರುತ್ತಿತ್ತು. ಗೇರ್ ಕ್ಯಾಮ್ ಹೆಸರು ಮಾಡಿದ್ದು ಆ ಕಾಲದಲ್ಲಿ. 2007ರ ಹೊತ್ತಿಗೆ ಎಲ್ಲ ಟ್ವಿನ್ ಕ್ಯಾಮ್‌ಗಳಿಗೂ ಆಯಿಲ್ ಒತ್ತಡದ ಹೈಡ್ರಾಲಿಕ್ ಟೆನ್ಷನರ್ ಬಂತು. ನಮ್ಮ ದೇಶದಲ್ಲಿ ಹಾರ್ಲಿ ಮಾರಾಟ ಶುರುವಾಗಿದ್ದೇ ಅದಾದ ಮೇಲೆ. ಇಲ್ಲೇ ಕೊಂಡ ಫ್ಯಾಟ್ ಬಾಯ್ ಇದ್ದರೆ ಚೈನ್ ಡ್ರೈವ್ ಹಾಗೇ ಇರಲಿ, ಕ್ಯಾಮ್ ಮಾತ್ರ ಬದಲಿಸಿ. ನಮಗೆ ಲಾಭ ಕಡಿಮೆ, ನಿಮಗೆ ನಿದ್ದೆ ಜಾಸ್ತಿ.

ಡುಕಾಟಿ ಗ್ರಾಹಕರಿಗೆ ಈ ನಿಯಮ ಇಲ್ಲ. ಅವರದು ಒಂದೇ ತುಂಡಿನ ಕ್ರ್ಯಾಂಕ್, ಸರಿಯುವುದಕ್ಕೆ ಜೋಡಣೆಯೇ ಇಲ್ಲ.

ಅಳತೆ 3 ಥೌ ಒಳಗಿದ್ದರೆ ನೀವು ಕೇಳಿದ ಕೆಲಸ ಮಾಡುತ್ತೇವೆ. ದಾಟಿದ್ದರೆ ಗೇರ್ ಕ್ಯಾಮ್ ಹಾಕುವುದಿಲ್ಲ, ಎಷ್ಟು ಹೇಳಿದರೂ ಇಲ್ಲ. ತೀರಾ ಜಾಸ್ತಿ ಇದ್ದರೆ ಎಂಜಿನ್ ಪೂರ್ತಿ ಬಿಚ್ಚಿ, ಹೊಸ ಪಿನ್ ಒತ್ತಿ, ಸೆಂಟರಿನಲ್ಲಿ ಕೂರಿಸಿ ತಾಮ್ರದ ಸುತ್ತಿಗೆಯಲ್ಲಿ ಸರಿಮಾಡಬೇಕು. ಹೀಗೆ ಹೊರಬಂದ ಕ್ರ್ಯಾಂಕಿಗೆ ಇನ್ನು ಮುಂದೆ ಪಿನ್ನಿನ ಎರಡೂ ತುದಿ ಟಿಗ್ ವೆಲ್ಡ್ ಮಾಡಿಯೇ ಕೊಡುತ್ತೇವೆ. ಒಂದೇ ಸಲ ಸುತ್ತಿದರೆ ಬಿಸಿಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಎದುರು ಬದುರು ಚಿಕ್ಕ ಚಿಕ್ಕ ವೆಲ್ಡ್ ಹಾಕಿ, ಆರಲು ಬಿಟ್ಟು, ಮತ್ತೆ ಗೇಜ್ ಇಟ್ಟು ನೋಡಬೇಕು. ಇದರಲ್ಲಿ ಒಂದು ತೊಂದರೆಯೂ ಇದೆ. ಮುಂದೆ ಎಂದಾದರೂ ಪಿನ್ ಮೇಲಿನ ಬಿಗ್ ಎಂಡ್ ಬೇರಿಂಗ್ ಹೋದರೆ ವೆಲ್ಡನ್ನು ಕೊರೆದು ತೆಗೆಯಬೇಕು, ಆ ಕೂಲಿ ಬೇರೆ.

ಅಳತೆಗೆ ನಾವು ದುಡ್ಡು ತೆಗೆದುಕೊಳ್ಳುವುದಿಲ್ಲ. ಕ್ಯಾಮ್ ಕವರಿನ ಗ್ಯಾಸ್ಕೆಟ್ ಮಾತ್ರ ನಿಮ್ಮ ಖರ್ಚು. ಈಗಾಗಲೇ ಅಡ್ವಾನ್ಸ್ ಕೊಟ್ಟು ಗೇರ್ ಕ್ಯಾಮ್ ಬುಕ್ ಮಾಡಿರುವವರಿಗೂ ಇದು ಅನ್ವಯ. ಅಳತೆ ಹೊಂದದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್. ಸಾಧ್ಯವಾದರೆ ಗಾಡಿಯನ್ನು ಹಿಂದಿನ ಸಂಜೆಯೇ ಬಿಟ್ಟು ಹೋಗಿ, ಬೆಳಗ್ಗೆ ಹತ್ತಕ್ಕೆ ಬನ್ನಿ. ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸುತ್ತೇವೆ, ಮುಳ್ಳು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೀವೇ ಓದಿಕೊಳ್ಳಿ.

ನಿಮ್ಮ
ವರ್ಕ್‌ಶಾಪಿನ ಬಳಗ